ಓಟ್ಸ್ ಕಂಪನಿಗೆ ನೊಬೆಲ್ ಬಂದಿಲ್ಲ ಮಾರಾಯ್ರೇ

"ಓಟ್ಸ್ ಡಬ್ಬದ ಮೇಲಿರೋ ಕ್ವೇಕರ್ ತಾತನ ಕಂಪನಿಗೆ ಶಾಂತಿ ನೊಬೆಲ್ ಬಂದಿದೆ, ವಿಶ್ವಸಂಸ್ಥೆಲಿ ಅವ್ರದ್ದೇ ಇಲಾಖೆನೂ ಇದೆ" ಅನ್ನೋ ಮೆಸೇಜ್ ಗ್ರೂಪಲ್ಲಿ ಓಡ್ತಿದ್ಯಲ್ಲ, ನಾನೂ ಮೊನ್ನೆ ನೋಡದೇ ಫಾರ್ವರ್ಡ್ ಮಾಡ್ಬಿಟ್ಟಿದ್ದೆ, ಸಾರಿ. ಎರಡೂ ತಪ್ಪು.

1947ರ ಶಾಂತಿ ನೊಬೆಲ್ ಬಂದಿದ್ದು ಕ್ವೇಕರ್ ಅನ್ನೋ ಕ್ರೈಸ್ತ ಪಂಥದ ಎರಡು ಸೇವಾ ಸಂಸ್ಥೆಗಳಿಗೆ, ಒಂದು ಲಂಡನ್‌ನ ಫ್ರೆಂಡ್ಸ್ ಸರ್ವಿಸ್ ಕೌನ್ಸಿಲ್, ಇನ್ನೊಂದು ಅಮೆರಿಕನ್ ಫ್ರೆಂಡ್ಸ್ ಸರ್ವಿಸ್ ಕಮಿಟಿ, ನೊಬೆಲ್ ವೆಬ್‌ಸೈಟಲ್ಲೇ ಇದೆ ಬೇಕಾದ್ರೆ ನೋಡಿ. ಓಟ್ಸ್ ಕಂಪನಿ ಬರೀ ಹೆಸ್ರು ಇಟ್ಕೊಂಡಿದ್ದಷ್ಟೇ, ಪಂಥಕ್ಕೂ ಅದಕ್ಕೂ ಸಂಬಂಧನೇ ಇಲ್ಲ. ಅಮೆರಿಕದ ಕಮಿಟಿ ಪರವಾಗಿ ಪ್ರಶಸ್ತಿ ತಗೊಳ್ಳೋಕೆ ಓಸ್ಲೋಗೆ ಹೋದ ಹೆನ್ರಿ ಕ್ಯಾಡ್ಬರಿ ಹತ್ರ ಸಮಾರಂಭಕ್ಕೆ ಬೇಕಾದ ಕೋಟೇ ಇರ್ಲಿಲ್ವಂತೆ, ಯುದ್ಧದಲ್ಲಿ ನೊಂದವ್ರಿಗೆ ಅಂತ ಸಂಸ್ಥೆ ಕೂಡಿಟ್ಟಿದ್ದ ಹಳೇ ಬಟ್ಟೆ ರಾಶಿಯಿಂದ ಒಂದು ಕೋಟು ಎರವಲು ತಗೊಂಡು ಹಾಕೊಂಡ್ರು. ಕಂಪನಿ ದುಡ್ಡಿದ್ರೆ ಹಂಗಾಗ್ತಿತ್ತಾ!

ಇನ್ನು ಜಿನೀವಾ, ನ್ಯೂಯಾರ್ಕ್‌ನಲ್ಲಿರೋ ಕ್ವೇಕರ್ ಪಂಥದ ಆಫೀಸು ವಿಶ್ವಸಂಸ್ಥೆ ಇಲಾಖೆ ಅಲ್ಲ, ಎನ್‌ಜಿಒ. ಸಲಹಾ ಸ್ಥಾನಮಾನ ಇದೆ, ಅಂದ್ರೆ ಸಭೆಗೆ ಹೋಗಿ ಅಭಿಪ್ರಾಯ ಹೇಳ್ಬೋದು, ವೋಟ್ ಇಲ್ಲ. ರಾಜತಾಂತ್ರಿಕರನ್ನ ಮನೆಗೆ ಕರ್ದು, ಯಾರು ಏನಂದ್ರು ಅಂತ ಹೊರಗೆ ಹೇಳದೆ ಮಾತಾಡಿಸೋದೇ ಅವ್ರ ಸ್ಟೈಲು. ಮಕ್ಕಳನ್ನ ಬಲವಂತವಾಗಿ ಸೈನ್ಯಕ್ಕೆ ಸೇರಿಸ್ಬಾರ್ದು, ಯುದ್ಧಕ್ಕೆ ಇಳಿಸ್ಬಾರ್ದು ಅನ್ನೋ 2000ದ ವಿಶ್ವಸಂಸ್ಥೆ ಒಪ್ಪಂದದ ಹಿಂದೆ ಇವ್ರ ಕೆಲಸನೂ ಇದೆ.

ಆ ಮೆಸೇಜ್ ಮುಂದೆ ಕಳಿಸ್ಬೇಡಿ, ಕಳಿಸಿದ್ರೆ ಅದೇ ಗ್ರೂಪಿಗೆ ಇದನ್ನೂ ಹಾಕ್ಬಿಡಿ.