ಹೊಗೆಯ ನಂಬರ್ ನೋಡಿ ವಿಸ್ಕಿ ಕೊಳ್ಳಬೇಡಿ

ಹೋದ ತಿಂಗಳು ಗೆಳೆಯನ ಮನೆಯಲ್ಲಿ ಕೂತಿದ್ದೆವು. ಎದುರಿಗೆ ನಾಲ್ಕು ಬಾಟಲಿ. ಲಫ್ರೋಯ್ಗ್ 10, ಆರ್ಡ್‌ಬೆಗ್ 10, ಲಗಾವುಲಿನ್ 16, ಕಲ್ ಈಲಾ 12. ನಾಲ್ಕೂ ಸ್ಕಾಟ್ಲೆಂಡಿನ ಐಲಾ ದ್ವೀಪದವು. ವಿದೇಶದಿಂದ ಬಂದವರೆಲ್ಲ ಡ್ಯೂಟಿ ಫ್ರೀಯಲ್ಲಿ ಒಂದೊಂದಾಗಿ ಹಿಡಿದು ತಂದು ಸೇರಿದ್ದು. ಇನ್ನೇನು ಸುರಿಯಬೇಕು, ಒಬ್ಬ ಫೋನ್ ತೆಗೆದು ಕೇಳಿದ, "ಇದರಲ್ಲಿ ಪಿಪಿಎಂ ಯಾವುದಕ್ಕೆ ಜಾಸ್ತಿ? ಅದನ್ನೇ ಹಾಕು ಮೊದಲು."

ಆ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಈ ವಿಸ್ಕಿಗಳಿಗೆ ಹೊಗೆಯ ವಾಸನೆ ಬರುವುದು ಪೀಟ್‌ನಿಂದ. ಪೀಟ್ ಅಂದರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಅರೆಬರೆ ಕೊಳೆತ ಪಾಚಿ, ಹುಲ್ಲು, ಗಿಡಗಂಟಿ. ಅದನ್ನು ಇಟ್ಟಿಗೆಯ ಹಾಗೆ ಕಡಿದು ಒಣಗಿಸಿ ಉರಿಸುತ್ತಾರೆ. ಮೊಳಕೆ ಬಂದ ಬಾರ್ಲಿಯನ್ನು ಆ ಹೊಗೆಯಲ್ಲಿ ಒಣಗಿಸಿದಾಗ ಫೀನಾಲ್ ಅನ್ನುವ ವಸ್ತುಗಳು ಕಾಳಿಗೆ ಅಂಟುತ್ತವೆ. ಹತ್ತು ಲಕ್ಷ ಭಾಗದಲ್ಲಿ ಅದು ಎಷ್ಟು ಭಾಗ ಅನ್ನುವುದೇ ಪಿಪಿಎಂ. ಆರ್ಡ್‌ಬೆಗ್‌ಗೆ ಸುಮಾರು 55. ಲಫ್ರೋಯ್ಗ್‌ಗೆ 40ರಿಂದ 45. ಲಗಾವುಲಿನ್, ಕಲ್ ಈಲಾ ಎರಡಕ್ಕೂ ಹತ್ತಿರಹತ್ತಿರ 35.

ಆದರೆ ಇದು ಬಾರ್ಲಿಯ ಲೆಕ್ಕ. ಗ್ಲಾಸಿನಲ್ಲಿರುವ ವಿಸ್ಕಿಯ ಲೆಕ್ಕ ಅಲ್ಲ! ಹುಳಿಸುವಾಗ, ಬಟ್ಟಿ ಇಳಿಸುವಾಗ, ಪೀಪಾಯಿಯಲ್ಲಿ ಕೂತಾಗ ಅದರಲ್ಲಿ ದೊಡ್ಡ ಪಾಲು ಹೋಗಿಬಿಡುತ್ತದೆ. ಅಂಗಡಿಯಿಂದ ಎಷ್ಟು ಮೆಣಸಿನಕಾಯಿ ತಂದರು ಅಂತ ಚೀಟಿ ನೋಡಿ ಸಾರಿನ ಖಾರ ಹೇಳಿದ ಹಾಗಾಯಿತು ಇದು.

ಅವತ್ತು ಗೆಳೆಯ ಒಳಗೆ ಹೋಗಿ ನಾಲ್ಕು ಗ್ಲಾಸಿಗೆ ಸುರಿದು, ಅಡಿಯಲ್ಲಿ ಚೀಟಿ ಅಂಟಿಸಿ ತಂದ. ಹೊಗೆ ಜಾಸ್ತಿ ಅಂತ ಎಲ್ಲರೂ ಬೆರಳು ತೋರಿಸಿದ್ದು ಲಫ್ರೋಯ್ಗ್‌ಗೆ. 55ರ ಆರ್ಡ್‌ಬೆಗ್ ಎರಡನೆಯದು. ಫೋನ್ ತೆಗೆದವನೂ ಸೇರಿ.

ಯಾಕೆ ಹೀಗೆ? ಲಫ್ರೋಯ್ಗ್‌ನವರು ಬಟ್ಟಿ ಇಳಿಸುವಾಗ ಮೊದಲ ಸುಮಾರು 45 ನಿಮಿಷ ಬರುವ ಪಾಲನ್ನು ಪಕ್ಕಕ್ಕೆ ಬಿಡುತ್ತಾರೆ. ಬೇರೆಯವರು ಇಷ್ಟು ಹೊತ್ತು ಬಿಡುವುದಿಲ್ಲ. ಹಣ್ಣಿನ ಸಿಹಿ ಪರಿಮಳ ಬರುವುದು ಆ ಮೊದಲ ಪಾಲಿನಲ್ಲೇ. ಹೊಗೆ, ಟಾರು, ಔಷಧದ ವಾಸನೆ ಬರುವುದು ಆಮೇಲೆ. ಅದಕ್ಕೇ ಮೂಗಿಗೆ ಹಿಡಿದ ಕೂಡಲೇ ಟಿಂಚರ್ ಅಯೋಡಿನ್, ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನ ಬ್ಯಾಂಡೇಜ್. ಅಮೆರಿಕದಲ್ಲಿ ಪಾನನಿಷೇಧ ಇದ್ದಾಗ ಇದನ್ನು ಔಷಧಿ ಅಂತ ಮಾರಿದ್ದರಂತೆ. ಮೂಸಿದರೆ ಯಾವ ಅಧಿಕಾರಿಯೂ ನಂಬಬೇಕು, ಬಿಡಿ.

ಆರ್ಡ್‌ಬೆಗ್‌ನ ಭಟ್ಟಿಗೆ, ಅಂದರೆ ಬಟ್ಟಿ ಇಳಿಸುವ ತಾಮ್ರದ ಹಂಡೆಗೆ, ಪ್ಯೂರಿಫೈಯರ್ ಅಂತ ಒಂದು ಸಣ್ಣ ಪಾತ್ರೆ ಸೇರಿಸಿದ್ದಾರೆ. ಭಾರವಾದ ಆವಿ ಅದರಲ್ಲಿ ತಣಿದು ವಾಪಸ್ ಕೆಳಗಿಳಿಯುತ್ತದೆ. ಹಾಗಾಗಿ ಹೊಗೆಯ ನಡುವೆಯೂ ಹಣ್ಣಿನ ಹುಳಿ ಉಳಿಯುತ್ತದೆ. ಕೆಂಡದ ಮೇಲೆ ಸುಟ್ಟ ಬದನೆಕಾಯಿಗೆ ನಿಂಬೆ ಹಿಂಡಿದ ರುಚಿ. 46 ಪರ್ಸೆಂಟ್ ಆಲ್ಕೋಹಾಲ್ ಇರುವುದರಿಂದ ನಾಲ್ಕು ಹನಿ ನೀರು ಹಾಕಿದರೆ ಇನ್ನೂ ಅರಳುತ್ತದೆ. ಐಸ್ ಮಾತ್ರ ಬೇಡ.

ನನಗೆ ಜಾಸ್ತಿ ಇಷ್ಟವಾದ ಜೋಡಿ ಲಗಾವುಲಿನ್ ಮತ್ತು ಕಲ್ ಈಲಾ. ಎರಡಕ್ಕೂ ಐಲಾದ ಪೋರ್ಟ್ ಎಲೆನ್ ಊರಿನ ಒಂದೇ ಕಾರ್ಖಾನೆಯಿಂದ ಬಾರ್ಲಿ ಬರುತ್ತದೆ. ಪಿಪಿಎಂ ಕೂಡ ಒಂದೇ. ಕುಡಿದರೆ ಒಂದೇ ಊರಿನವು ಅಂತ ಹೇಳಲಿಕ್ಕಾಗದು. ಲಗಾವುಲಿನ್‌ನಲ್ಲಿ ಭಟ್ಟಿಯನ್ನು ತುಂಬಾ ತುಂಬಿಸಿ ನಿಧಾನಕ್ಕೆ ಇಳಿಸುತ್ತಾರೆ. ದಪ್ಪ, ಗಾಢ. ಸೌದೆ ಒಲೆ ಮೇಲೆ ಕಾಸಿದ ಬೆಲ್ಲದ ಪಾಕಕ್ಕೆ ಒಣದ್ರಾಕ್ಷಿ ಹಾಕಿದ ಹಾಗೆ. ಕಲ್ ಈಲಾದಲ್ಲಿ ಭಟ್ಟಿಗಳು ದೊಡ್ಡವು, ಪೂರ್ತಿ ತುಂಬಿಸುವುದಿಲ್ಲ. ಆವಿಗೆ ತಾಮ್ರದ ಜೊತೆ ಒಡನಾಟ ಜಾಸ್ತಿ, ಅದಕ್ಕೇ ಹಗುರ. ಹೊಗೆ ದೂರದಲ್ಲಿ ಯಾರೋ ಕಸ ಸುಟ್ಟಷ್ಟು.

ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾದರೆ 1908ಕ್ಕೆ ಹೋಗಿ. ಲಗಾವುಲಿನ್‌ನ ಯಜಮಾನ ಪೀಟರ್ ಮ್ಯಾಕಿ. ಪಕ್ಕದ ಲಫ್ರೋಯ್ಗ್ ಮಾರುವ ಏಜೆನ್ಸಿ ಅವನ ಕೈತಪ್ಪಿತ್ತು. ಸಿಟ್ಟಿಗೆ ಅವರ ನೀರನ್ನೇ ಅಡ್ಡಗಟ್ಟಿದ, ಕೋರ್ಟು ಬಿಡಿಸಿತು. ಆಮೇಲೆ ತನ್ನ ಕಾಂಪೌಂಡಿನಲ್ಲೇ ಮಾಲ್ಟ್ ಮಿಲ್ ಅಂತ ಇನ್ನೊಂದು ಭಟ್ಟಿಮನೆ ಕಟ್ಟಿದ. ಲಫ್ರೋಯ್ಗ್‌ನ ಭಟ್ಟಿಗಳ ಆಕಾರವನ್ನೇ ನಕಲು ಮಾಡಿಸಿದ. ವಿಸ್ಕಿ ಬಂತು, ಲಫ್ರೋಯ್ಗ್ ಬರಲಿಲ್ಲ. ಎದುರಿಗೇ ಕೂತು, ಹಟ ಹಿಡಿದು ಮಾಡಿದವನಿಗೇ ಸಿಗದ್ದು ನಮಗೆ ಒಂದು ನಂಬರಿನಲ್ಲಿ ಸಿಗುತ್ತಾ?

ನಂಬರಿನ ಆಟ ಎಲ್ಲಿಯವರೆಗೆ ಹೋಗಿದೆ ಅಂದರೆ ಅದೇ ಐಲಾದ ಬ್ರುಕ್‌ಲಾಡಿಯವರು ಆಕ್ಟೋಮೋರ್ 8.3 ಅನ್ನುವ ವಿಸ್ಕಿಯಲ್ಲಿ ಪಿಪಿಎಂ ಅನ್ನು 309ಕ್ಕೆ ಮುಟ್ಟಿಸಿದರು. ಒಂದು ಸಲ ಆಕ್ಟೋಮೋರ್‌ನ ಬೇರೊಂದು ಬಾಟಲಿಯಿಂದ ಸ್ವಲ್ಪ ಸಿಕ್ಕಿತ್ತು. ಚೆನ್ನಾಗಿತ್ತು ಕಣ್ರೀ, ಆದರೆ ಆರ್ಡ್‌ಬೆಗ್‌ಗಿಂತ ಎಷ್ಟೋ ಪಟ್ಟು ಹೊಗೆ ಅಂತೂ ಅನ್ನಿಸಲಿಲ್ಲ.

ಇಷ್ಟೆಲ್ಲ ದುಡ್ಡು ಯಾಕೆ ಅನ್ನುವವರು ನಮ್ಮ ಬೆಂಗಳೂರಿನ ಅಮೃತ್ ಫ್ಯೂಷನ್‌ನಿಂದ ಶುರು ಮಾಡಿ. ಸ್ಕಾಟ್ಲೆಂಡಿನ ಪೀಟ್ ಬಾರ್ಲಿ, ನಮ್ಮ ದೇಶದ ಹೊಗೆಯಿಲ್ಲದ ಬಾರ್ಲಿ, ಎರಡೂ ಸೇರಿದ್ದು. ಹೊಗೆ ಹಿಡಿಸುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ನಿನ್ನೆ ಮತ್ತೆ ಅದೇ ಗೆಳೆಯನ ಮನೆಗೆ ಹೋಗಿದ್ದೆ. ಕಲ್ ಈಲಾ ಖಾಲಿ. ಲಗಾವುಲಿನ್ ಎರಡು ಪೆಗ್ ಉಳಿದಿದೆ. ಆರ್ಡ್‌ಬೆಗ್ ಅರ್ಧಕ್ಕೂ ಜಾಸ್ತಿ ಇದೆ. ಪಿಪಿಎಂ ಕೇಳಿದವನೇ ಕಲ್ ಈಲಾ ಮುಗಿಸಿದ್ದಂತೆ.