ಕ್ಯೂ ಹಿಡಿದ ಆ ಹಳೆಯ ಕೈಗಳು

ಹಳೆಯ ಬಿಲಿಯರ್ಡ್ಸ್ ಆಟಗಾರರ ಮಾತು ಬಂದರೆ ಸಾಕು, ಯಾರಾದರೊಬ್ಬರು ಒಂದು ಸಂಖ್ಯೆಯನ್ನು ಮುಂದಿಡುತ್ತಾರೆ. ವಾಲ್ಟರ್ ಲಿಂಡ್ರಮ್ ಎಂದರೆ 4,137 ಅಂಕ. ವಿಲ್ಲಿ ಮೊಸ್ಕೋನಿ ಎಂದರೆ 526 ಚೆಂಡು. ಜೋ ಡೇವಿಸ್ ಎಂದರೆ 15 ವಿಶ್ವ ಸ್ನೂಕರ್ ಪ್ರಶಸ್ತಿ. ಅಲ್ಲಿಗೆ ಮಾತು ಮುಗಿಯಿತು. ಸಂಖ್ಯೆಗಳೇನೋ ನಿಜ, ಅವುಗಳನ್ನು ನಾನೂ ಬಾಯಿಪಾಠ ಮಾಡಿಕೊಂಡವನೇ. ಆದರೆ ಆ ಮಹನೀಯರು ಮೇಜಿನ ಮುಂದೆ ಹೇಗೆ ನಿಲ್ಲುತ್ತಿದ್ದರು, ಕ್ಯೂವನ್ನು, ಅಂದರೆ ಚೆಂಡು ಹೊಡೆಯುವ ಕೋಲನ್ನು, ಎಲ್ಲಿ ಹಿಡಿಯುತ್ತಿದ್ದರು, ಚೆಂಡನ್ನು ಎಷ್ಟು ಮೆಲ್ಲಗೆ ತಾಗಿಸುತ್ತಿದ್ದರು ಎಂದು ಹೇಳುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ನನಗೆ ಬೇಕಾಗಿರುವುದು ಆ ಕೈಗಳ ನೆನಪು. ಅದಕ್ಕಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ, ಬಿಡುವಾದಾಗ ಓದಿ.

ಲಿಂಡ್ರಮ್ ಅವರಿಂದಲೇ ಶುರುಮಾಡುತ್ತೇನೆ. 1898ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಚಿನ್ನದ ಗಣಿಯೂರು ಕಾಲ್ಗೂರ್ಲಿಯಲ್ಲಿ ಹುಟ್ಟಿದವರು. ಅಪ್ಪ, ಅಣ್ಣ ಎಲ್ಲರೂ ಬಿಲಿಯರ್ಡ್ಸ್ ಆಡುವವರೇ. ತೀರ ಎಳೆಯ ವಯಸ್ಸಿನಲ್ಲಿ ಆದ ಅಪಘಾತದಲ್ಲಿ ಅವರ ಬಲಗೈ ತೋರುಬೆರಳಿನ ತುದಿ ಹೋಯಿತು. ಹಾಗಾಗಿ ಎಡಗೈಯಲ್ಲಿ ಆಡಲು ಕಲಿತರು. ಅವರು ಆಡಿದ ಕಪ್ಪು-ಬಿಳುಪು ಚಿತ್ರಸುರುಳಿಗಳ ತುಣುಕುಗಳು ಈಗಲೂ ನೋಡಸಿಗುತ್ತವೆ. ನಾನು ಅವನ್ನು ಹಿಂದೆ ಮುಂದೆ ಓಡಿಸಿ, ನಿಧಾನಗೊಳಿಸಿ ನೋಡಿದ್ದೇನೆ. ನೋಡಿದಷ್ಟೂ ಮುಗಿಯದ ಬೆರಗು ಅದು.

ಬಿಲಿಯರ್ಡ್ಸ್ ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ಸ್ನೂಕರ್‌ನ ಹಾಗೆ ಮೇಜಿನ ತುಂಬ ಬಣ್ಣದ ಚೆಂಡುಗಳಿಲ್ಲ, ಇರುವುದು ಮೂರೇ. ಒಂದು ಕೆಂಪು, ಇಬ್ಬರು ಆಟಗಾರರಿಗೆ ಆಗ ಒಂದೊಂದು ಬಿಳಿ, ಈಗ ಒಬ್ಬರದು ಬಿಳಿ, ಇನ್ನೊಬ್ಬರದು ಹಳದಿ. ನಿಮ್ಮ ಚೆಂಡು ಒಂದೇ ಹೊಡೆತದಲ್ಲಿ ಉಳಿದ ಎರಡಕ್ಕೂ ತಾಗಿದರೆ ಅದು ಕ್ಯಾನನ್, ಎರಡು ಅಂಕ. ಚೆಂಡನ್ನು ಪಾಕೆಟ್‌ಗೆ ಹಾಕಿದರೂ ಅಂಕ ಉಂಟು, ನಿಮ್ಮ ಚೆಂಡು ಇನ್ನೊಂದಕ್ಕೆ ತಾಗಿ ತಾನೇ ಪಾಕೆಟ್‌ಗೆ ಬಿದ್ದರೂ ಉಂಟು. ಅಂಕ ಬರುತ್ತಿರುವವರೆಗೂ ಸರದಿ ನಿಮ್ಮದೇ. ಎದುರಾಳಿ ಕುರ್ಚಿಯಲ್ಲಿ ಕೂತು ನೋಡುತ್ತಿರಬೇಕು.

ಲಿಂಡ್ರಮ್ ಅವರ ಕೈಚಳಕ ಇದ್ದದ್ದು ನರ್ಸರಿ ಕ್ಯಾನನ್‌ನಲ್ಲಿ. ಎರಡು ಚೆಂಡುಗಳನ್ನು ಮೇಜಿನ ಸುತ್ತಣ ಮೆತ್ತನೆಯ ಗೋಡೆಯಾದ ಕುಶನ್‌ನ ಅಂಚಿಗೆ ಒತ್ತೊತ್ತಾಗಿ ತಂದು ನಿಲ್ಲಿಸುತ್ತಾರೆ. ತಮ್ಮ ಚೆಂಡು ಅವುಗಳ ಬೆನ್ನಿಗೇ ಇರುತ್ತದೆ. ಕ್ಯೂ ಹಿಂದಕ್ಕೆ ಸರಿಯುವುದೇ ಕಣ್ಣಿಗೆ ಕಾಣುವುದಿಲ್ಲ, ಅಷ್ಟು ಸಣ್ಣ ಚಲನೆ. ಟಕ್ ಎಂದು ಒಂದಕ್ಕೆ, ಟಕ್ ಎಂದು ಇನ್ನೊಂದಕ್ಕೆ. ಮೂರೂ ಚೆಂಡುಗಳು ಒಂದೆರಡು ಅಂಗುಲದಷ್ಟು ಸರಿದು ಮತ್ತೆ ಹೆಚ್ಚುಕಡಿಮೆ ಅದೇ ಆಕಾರದಲ್ಲಿ ನಿಲ್ಲುತ್ತವೆ. ಮತ್ತೆ ಟಕ್, ಟಕ್. ಹೀಗೆ ಕುಶನ್ ಗುಂಟ ಚೆಂಡುಗಳನ್ನು ನಡೆಸಿಕೊಂಡು ಹೋಗುತ್ತಾರೆ. ಪಾಕೆಟ್‌ನ ಬಾಯಿ ಬಂದಾಗ ಚೆಂಡು ಅದರೊಳಗೆ ಜಾರದಂತೆ, ಮೂರೂ ಚೆದುರದಂತೆ ದಾಟಿಸಬೇಕು. ಅಲ್ಲಿ ಕೂದಲೆಳೆಯಷ್ಟು ಬಲ ಹೆಚ್ಚಾದರೂ ಕಟ್ಟಿದ್ದೆಲ್ಲ ಕೆಟ್ಟಿತು. ಲಿಂಡ್ರಮ್ ಅವರ ವೇಗ ನೋಡಿದರೆ ಅವರು ಪ್ರತಿ ಹೊಡೆತಕ್ಕೂ ಲೆಕ್ಕ ಹಾಕುತ್ತಿದ್ದರೆಂದು ಅನ್ನಿಸುವುದೇ ಇಲ್ಲ. ವೀಣೆ ನುಡಿಸುವವರ ಬೆರಳು ಮುಂದಿನ ಸ್ವರಕ್ಕೆ ತಾನಾಗಿಯೇ ಹೋಗುವ ಹಾಗೆ ಅವರ ಕೈ ಮುಂದಿನ ಕ್ಯಾನನ್‌ಗೆ ಹೋಗುತ್ತಿತ್ತು.

1932ರ ಜನವರಿಯಲ್ಲಿ ಲಂಡನ್ನಿನ ಥರ್ಸ್ಟನ್ ಹಾಲ್‌ನಲ್ಲಿ ಒಂದೇ ಸರದಿಯಲ್ಲಿ 4,137 ಅಂಕಗಳ ಆ ಓಟ, ಅಂದರೆ ಬ್ರೇಕ್, ಬಂದಾಗ ಎದುರಿಗೆ ಕುರ್ಚಿಯಲ್ಲಿ ಕೂತಿದ್ದವರು ಯಾರೆಂದುಕೊಂಡಿರಿ? ಸಾಕ್ಷಾತ್ ಜೋ ಡೇವಿಸ್. ಸುಮಾರು ಮೂರು ಗಂಟೆಗಳ ಆಟ ಅದು, ಎರಡು ದಿನಗಳಿಗೆ ಹರಡಿತ್ತು. ಆ ಕಾಲದ ನಿಯಂತ್ರಣ ಮಂಡಳಿ ಲಿಂಡ್ರಮ್ ಅವರಂಥವರ ಓಟಕ್ಕೆ ಕಡಿವಾಣ ಹಾಕಲೆಂದೇ ನಿಯಮ ಬದಲಿಸಿತು. ಇಂತಿಷ್ಟು ಅಂಕಕ್ಕೊಮ್ಮೆ ತಮ್ಮ ಚೆಂಡು ಮೇಜಿನ ಒಂದು ತುದಿಯ ಬಳಿ ಅಡ್ಡಲಾಗಿ ಎಳೆದ ಬಾಕ್ ಗೆರೆಯನ್ನು ದಾಟಲೇಬೇಕು ಎಂದಿತು. ಅಂಚಿನಲ್ಲಿ ಕಟ್ಟಿದ ಗೂಡನ್ನು ಪದೇ ಪದೇ ಒಡೆದು ಮತ್ತೆ ಕಟ್ಟಿ ಎಂದು ಹೇಳಿದಂತಾಯಿತು. ಅವರು ಒಡೆದೂ ಕಟ್ಟಿದರು. 1933ರಲ್ಲಿ ವಿಶ್ವ ಚಾಂಪಿಯನ್, 1934ರಲ್ಲಿ ಮತ್ತೆ. 1950ರಲ್ಲಿ ನಿವೃತ್ತರಾಗುವವರೆಗೂ ಆ ಪಟ್ಟ ಅವರ ಬಳಿಯೇ ಉಳಿಯಿತು. ಮೆಲ್ಬೋರ್ನ್‌ನಲ್ಲಿರುವ ಅವರ ಸಮಾಧಿಯನ್ನೂ ಬಿಲಿಯರ್ಡ್ಸ್ ಮೇಜಿನ ರೂಪದಲ್ಲೇ ಕಟ್ಟಿದ್ದಾರೆ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಬಿಲಿಯರ್ಡ್ಸ್ ಜನಪ್ರಿಯತೆ ಕಳೆದುಕೊಂಡದ್ದು ಏಕೆ ಎಂದು ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ: ಆಟಗಾರರು ಅತಿಯಾಗಿ ಪಳಗಿಬಿಟ್ಟರು, ನೋಡುವವರಿಗೆ ಬೇಸರವಾಯಿತು. ಇದರಲ್ಲಿ ಸತ್ಯವಿಲ್ಲವೆಂದಲ್ಲ. 1907ರಲ್ಲಿ ಟಾಮ್ ರೀಸ್ ಎಂಬ ಇಂಗ್ಲೆಂಡಿನ ಆಟಗಾರ ಎರಡು ಚೆಂಡುಗಳನ್ನು ಪಾಕೆಟ್‌ನ ಬಾಯಿಯಲ್ಲಿ ಕಚ್ಚಿಸಿ ನಿಲ್ಲಿಸಿ, ವಾರಗಟ್ಟಲೆ ಅದೇ ಕ್ಯಾನನ್ ಹೊಡೆಯುತ್ತ 4,99,135 ಅಂಕಗಳ ಬ್ರೇಕ್ ಮಾಡಿದರು. ಅದನ್ನು ಕೂತು ನೋಡಿ ಎಂದು ನಾನು ಯಾರಿಗೂ ಹೇಳಲಾರೆ. ಆ ಹೊಡೆತವನ್ನು ನಿಷೇಧಿಸಿದ್ದು ಸರಿಯಾಗಿಯೇ ಇತ್ತು.

ಆದರೆ ಲಿಂಡ್ರಮ್ ಅವರ ನರ್ಸರಿ ಕ್ಯಾನನ್ ಅಂಥದ್ದಲ್ಲ. ಅಲ್ಲಿ ಪ್ರತಿ ಹೊಡೆತಕ್ಕೂ ಚೆಂಡುಗಳ ಜಾಗ ಬದಲಾಗುತ್ತದೆ, ಪ್ರತಿ ಹೊಡೆತಕ್ಕೂ ಅಪಾಯವಿದೆ. ಜನರಿಗೆ ಬೇಸರವಾಗಿದ್ದರೆ ಕಾರಣ ಬೇರೆಯೇ ಇದೆ ಎಂಬುದು ನನ್ನ ವಾದ. ಅವರಿಗೆ ಆಟ ಕಾಣುತ್ತಲೇ ಇರಲಿಲ್ಲ! ಹನ್ನೆರಡು ಅಡಿ ಉದ್ದದ ಮೇಜಿನ ಒಂದು ಮೂಲೆಯಲ್ಲಿ ಅಂಗೈ ಅಗಲದ ಜಾಗದಲ್ಲಿ ನಡೆಯುವ ಸೂಕ್ಷ್ಮವನ್ನು ದೂರದ ಸಾಲಿನಲ್ಲಿ ಕೂತವರು ಹೇಗೆ ನೋಡಬೇಕು? ಅವರಿಗೆ ಕಂಡದ್ದು ಬಗ್ಗಿದ ಬೆನ್ನು, ಕೇಳಿಸಿದ್ದು ಅಂಕ ಎಣಿಸುವವರ ದನಿ. ಇಂದು ಮೇಜಿನ ನೆತ್ತಿಯ ಮೇಲೆ ಕ್ಯಾಮೆರಾ ಇದೆ, ಕುಶನ್‌ನ ಮಟ್ಟದಲ್ಲಿ ಇನ್ನೊಂದಿದೆ, ಚೆಂಡು ತಿರುಗುವುದನ್ನು ನಿಧಾನಗತಿಯಲ್ಲಿ ತೋರಿಸುವ ಸೌಕರ್ಯವಿದೆ. ನರ್ಸರಿ ಕ್ಯಾನನ್‌ಗೆ ಹೇಳಿಮಾಡಿಸಿದ ಸಾಧನಗಳು ಇವು. ಬಂದದ್ದು ಮಾತ್ರ ಆ ಕೈಗಳು ಇಲ್ಲವಾದ ಮೇಲೆ. ಈ ಒಂದು ಸಂಗತಿ ನನ್ನನ್ನು ನಿಜಕ್ಕೂ ಸಂಕಟಕ್ಕೆ ದೂಡುತ್ತದೆ.

ಜೋ ಡೇವಿಸ್ ಜಾಣರು, ಗಾಳಿ ಬೀಸುವ ದಿಕ್ಕನ್ನು ಮೊದಲೇ ಕಂಡುಕೊಂಡರು. ಬಿಲಿಯರ್ಡ್ಸ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದೂ ಸ್ನೂಕರ್ ಅನ್ನು ಕೈಹಿಡಿದು ನಡೆಸಿದರು. 1927ರಲ್ಲಿ ಮೊದಲ ವಿಶ್ವ ಸ್ನೂಕರ್ ಪಂದ್ಯಾವಳಿಯ ಹಿಂದೆ ನಿಂತವರೂ ಅವರೇ, ಗೆದ್ದವರೂ ಅವರೇ. ಕೈಗೆ ಬಂದ ಬಹುಮಾನ ಆರು ಪೌಂಡ್ ಹತ್ತು ಶಿಲಿಂಗ್. 1946ರವರೆಗೆ ಆ ಪಂದ್ಯಾವಳಿಯಲ್ಲಿ ಅವರನ್ನು ಸೋಲಿಸಿದವರಿಲ್ಲ. ಅವರ ಬಲಗಣ್ಣಿನ ದೃಷ್ಟಿ ಮಂದವಾಗಿತ್ತು, ಹಾಗಾಗಿ ಕ್ಯೂವನ್ನು ಎಡಗಣ್ಣಿನ ನೇರಕ್ಕೆ ಹಿಡಿದು ಗುರಿ ನೋಡುತ್ತಿದ್ದರು. 1955ರಲ್ಲಿ ಸ್ನೂಕರ್‌ನ ಮೊದಲ ಅಧಿಕೃತ 147, ಅಂದರೆ ಪೂರ್ಣ ಅಂಕಗಳ ಬ್ರೇಕ್, ಬಂದದ್ದು ಹಾಗೆ ಗುರಿಯಿಟ್ಟ ಕ್ಯೂನಿಂದಲೇ. ಆಗ ಅವರಿಗೆ ಐವತ್ತು ದಾಟಿತ್ತು.

ಅಮೆರಿಕದ ವಿಲ್ಲಿ ಹೋಪ್ ಅವರದು ಇನ್ನೂ ವಿಚಿತ್ರ. ಅಪ್ಪನ ಹೋಟೆಲಿನಲ್ಲಿದ್ದ ಬಿಲಿಯರ್ಡ್ಸ್ ಮೇಜು ಬಾಲ್ಯದಲ್ಲಿ ಅವರಿಗೆ ಎಟುಕುತ್ತಿರಲಿಲ್ಲ. ಪೆಟ್ಟಿಗೆಯ ಮೇಲೆ ನಿಂತು ಆಡಿದರು. ಕುಳ್ಳ ಹುಡುಗನಿಗೆ ಕ್ಯೂವನ್ನು ನೇರವಾಗಿ ಹಿಂದಕ್ಕೆ ಎಳೆಯಲು ಆಗದೆ ಮೊಣಕೈಯನ್ನು ಪಕ್ಕಕ್ಕೆ ಚಾಚಿ ಹೊಡೆಯುವುದು ರೂಢಿಯಾಯಿತು. ಬೆಳೆದ ಮೇಲೂ ಅದು ಹೋಗಲಿಲ್ಲ. ಇವತ್ತಿನ ಯಾವ ತರಬೇತುದಾರರೂ ಅದನ್ನು ಮೊದಲ ದಿನವೇ ತಿದ್ದಿಬಿಡುತ್ತಿದ್ದರು. ಅದೇ ಓರೆ ತೋಳಿನಲ್ಲಿ 1906ರಲ್ಲಿ, ಇನ್ನೂ 18ರ ಹರೆಯದಲ್ಲಿ, ಪ್ಯಾರಿಸ್‌ಗೆ ಹೋಗಿ ಫ್ರಾನ್ಸಿನ ಹಿರಿಯ ಮಾರಿಸ್ ವಿಗ್ನೋ ಅವರನ್ನು ಸೋಲಿಸಿ ವಿಶ್ವ ಪ್ರಶಸ್ತಿ ತಂದರು. 1952ರಲ್ಲಿ ಆಟ ನಿಲ್ಲಿಸುವ ಹೊತ್ತಿಗೆ 51 ವಿಶ್ವ ಪ್ರಶಸ್ತಿಗಳು ಅವರ ಹೆಸರಿನಲ್ಲಿದ್ದವು. ಅವರು ಆಟ ಕಲಿತದ್ದು ದಂತದ ಚೆಂಡುಗಳ ಕಾಲದಲ್ಲಿ ಎಂಬುದನ್ನೂ ಮರೆಯಬೇಡಿ. ದಂತ ಹವೆಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ನಿನ್ನೆ ಒಲಿದ ಚೆಂಡು ಇಂದು ಮುನಿಸಿಕೊಳ್ಳುತ್ತದೆ.

ಇವತ್ತಿನ ಆಟಗಾರರನ್ನು ನಾನು ಹೀಗಳೆಯುತ್ತಿಲ್ಲ. ದೂರದ ಚೆಂಡನ್ನು ಪಾಕೆಟ್‌ಗೆ ಕಳಿಸುವ ವಿಷಯದಲ್ಲಿ ಇವರು ಹಳಬರನ್ನು ಮೀರಿಸಿದ್ದಾರೆ, ಅನುಮಾನವೇ ಇಲ್ಲ. ಆದರೆ ಮುಖ ಮುಚ್ಚಿ ನಿಲ್ಲಿಸಿದರೆ ಇವರಲ್ಲಿ ಎಷ್ಟು ಮಂದಿಯನ್ನು ಗುರುತಿಸಬಲ್ಲಿರಿ? ಅದೇ ಪಾದ, ಅದೇ ಗದ್ದ, ಅದೇ ಮೊಣಕೈ. ಹೋಪ್ ಅವರನ್ನಾದರೆ ಅರ್ಧ ಹೊಡೆತದಲ್ಲಿ ಗುರುತಿಸಬಹುದಿತ್ತು.

ಪೂಲ್ ಆಟದ ಕಡೆ ಬಂದರೆ ನೆನಪಿನ ಅನ್ಯಾಯ ಇನ್ನೂ ಎದ್ದು ಕಾಣುತ್ತದೆ. ಫಿಲಡೆಲ್ಫಿಯಾದ ವಿಲ್ಲಿ ಮೊಸ್ಕೋನಿ ಬಾಲಕನಾಗಿದ್ದಾಗ ಅಪ್ಪ ಆಡಲು ಬಿಡದಿದ್ದರೆ ಪೊರಕೆ ಕೋಲು ಹಿಡಿದು ಆಲೂಗಡ್ಡೆಗಳನ್ನು ಹೊಡೆಯುತ್ತಿದ್ದರಂತೆ. 1941ರಿಂದ 1957ರ ನಡುವೆ 15 ವಿಶ್ವ ಪ್ರಶಸ್ತಿ. 1954ರ ಮಾರ್ಚ್‌ನಲ್ಲಿ ಓಹಾಯೊದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಒಂದೂ ತಪ್ಪದೆ 526 ಚೆಂಡುಗಳು. ಸ್ಟ್ರೇಟ್ ಪೂಲ್‌ನಲ್ಲಿ 14 ಚೆಂಡು ಹಾಕಿದ ಮೇಲೆ ಮತ್ತೆ ತ್ರಿಕೋನದಲ್ಲಿ ಜೋಡಿಸುತ್ತಾರೆ, ಉಳಿದ ಹದಿನೈದನೆಯದನ್ನು ಹಾಕುತ್ತಲೇ ಆ ಗುಂಪನ್ನು ಒಡೆಯಬೇಕು. ಹಾಗೆ ಅವರು 37 ಸಲ ಮತ್ತೆ ಜೋಡಿಸಿಕೊಂಡು ಆಡಿದರು. ಆ ದಾಖಲೆಯನ್ನು ದಾಟಲು 2019 ಬರಬೇಕಾಯಿತು. ಅವರಿಗಿಂತ ಮೊದಲು ಆಳಿದ ರಾಲ್ಫ್ ಗ್ರೀನ್‌ಲೀಫ್ ಇನ್ನೂ ಸೊಗಸುಗಾರರು, ರಂಗಮಂದಿರಗಳಲ್ಲಿ ಪ್ರದರ್ಶನ ಕೊಟ್ಟವರು. ಕುಡಿತ ಅವರನ್ನು ತಿಂದುಹಾಕಿತು.

ಆದರೆ ಪೂಲ್ ಎಂದೊಡನೆ ಹೆಚ್ಚಿನವರ ಬಾಯಿಗೆ ಬರುವ ಹೆಸರು ಮಿನೆಸೋಟ ಫ್ಯಾಟ್ಸ್. 1961ರ ಒಂದು ಹಾಲಿವುಡ್ ಚಿತ್ರದ ಪಾತ್ರದ ಹೆಸರು ಅದು. ಆ ಪಾತ್ರಕ್ಕೆ ಮಾದರಿ ನಾನೇ ಎಂದು ಹೇಳಿಕೊಂಡು ರುಡಾಲ್ಫ್ ವಾಂಡರೋನ್ ಎಂಬ ಪಣದಾಟದ ಆಟಗಾರ ಹೆಸರನ್ನೇ ತನ್ನದಾಗಿಸಿಕೊಂಡರು. ಮಾತಿನ ಮಲ್ಲ. ಎಂದೂ ದೊಡ್ಡ ಪ್ರಶಸ್ತಿ ಗೆದ್ದವರಲ್ಲ. ಅದೇ ಚಿತ್ರಕ್ಕೆ ತಾಂತ್ರಿಕ ಸಲಹೆ ಕೊಟ್ಟವರು ಮೊಸ್ಕೋನಿ! 1978ರಲ್ಲಿ ಇಬ್ಬರನ್ನೂ ದೂರದರ್ಶನದ ಮುಂದೆ ಎದುರುಬದುರು ನಿಲ್ಲಿಸಿದಾಗ ಮೊಸ್ಕೋನಿ ಗೆದ್ದರು. ಅದರಿಂದ ಏನಾಯಿತು? ಜನರಿಗೆ ನೆನಪಿರುವುದು ಫ್ಯಾಟ್ಸ್ ಅವರ ಮಾತುಗಳೇ. ಪಣದಾಟದ ರೋಚಕ ಕಥೆಗಳು ನನಗೂ ಗೊತ್ತು, ಹೇಳಲು ಚೆನ್ನಾಗಿರುತ್ತವೆ. ಆದರೆ ಇಡೀ ಬದುಕನ್ನು ಒಂದು ಹಸಿರು ಬಟ್ಟೆಯ ಮೇಲೆ ಶಿಸ್ತಿನಿಂದ ಸವೆಸಿದವರನ್ನು ಹಿಂದಕ್ಕೆ ತಳ್ಳಿ, ಬಾಯಿ ಜೋರಿದ್ದವರನ್ನು ಮುಂದೆ ಕೂರಿಸುವುದನ್ನು ನಾನು ಒಪ್ಪಲಾರೆ.

ಮಸಾಕೊ ಕತ್ಸುರಾ ಅವರ ಹೆಸರನ್ನು ಎಷ್ಟು ಜನ ಕೇಳಿದ್ದೀರಿ? ಟೋಕಿಯೋದವರು. 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ತ್ರೀ-ಕುಶನ್ ವಿಶ್ವ ಪಂದ್ಯಾವಳಿಯಲ್ಲಿ ಗಂಡಸರ ನಡುವೆ ಆಡಿದ ಮೊದಲ ಮಹಿಳೆ. ಏಳನೆಯ ಸ್ಥಾನ ಪಡೆದರು. ಅಲ್ಲಿ ಗೆದ್ದವರು ನಮ್ಮ ಹೋಪ್ ಅವರೇ, ಅದು ಅವರ ಆಟದ ಕೊನೆಯ ವರ್ಷ. ತ್ರೀ-ಕುಶನ್‌ನಲ್ಲಿ ಪಾಕೆಟ್ ಇರುವುದಿಲ್ಲ. ಎರಡನೆಯ ಚೆಂಡಿಗೆ ತಾಗುವ ಮೊದಲು ನಿಮ್ಮ ಚೆಂಡು ಕನಿಷ್ಠ ಮೂರು ಸಲ ಕುಶನ್‌ಗೆ ಬಡಿದಿರಬೇಕು. ಯಾವ ಮಹಿಳೆಗೂ ಬಾಗಿಲು ತೆರೆಯದಿದ್ದ ಕಾಲದಲ್ಲಿ ಇಷ್ಟು ಕಷ್ಟದ ಆಟದಲ್ಲಿ ಆಕೆ ಏಳನೆಯವರಾದದ್ದನ್ನು ನಾನು ಅನೇಕರ ಮೊದಲ ಸ್ಥಾನಕ್ಕಿಂತ ಮೇಲೆಂದು ಎಣಿಸುತ್ತೇನೆ.

ಕೊನೆಯಲ್ಲಿ ನಮ್ಮವರ ಮಾತು. 1875ರಲ್ಲಿ ಸ್ನೂಕರ್ ಹುಟ್ಟಿದ್ದು ಜಬಲ್ಪುರದ ಸೈನಿಕ ಅಧಿಕಾರಿಗಳ ಮೇಜಿನ ಮೇಲೆ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಆಟವೊಂದರಲ್ಲಿ ಮೊದಲ ವಿಶ್ವ ಪಟ್ಟ ತಂದುಕೊಟ್ಟ ವಿಲ್ಸನ್ ಜೋನ್ಸ್ ಅವರ ಬಗ್ಗೆ ನಾಲ್ಕು ಸಾಲು ಹೇಳಿ ಎಂದರೆ ತಡವರಿಸುತ್ತೇವೆ. ಪುಣೆಯಲ್ಲಿ ಹುಟ್ಟಿದ ಜೋನ್ಸ್ 1958ರಲ್ಲಿ ಕಲ್ಕತ್ತೆಯಲ್ಲಿ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಗೆದ್ದರು. 1964ರಲ್ಲಿ ನ್ಯೂಜಿಲೆಂಡ್‌ನಲ್ಲಿ ಮತ್ತೊಮ್ಮೆ. ಆಮೇಲೆ ಬಂದ ಮೈಕೆಲ್ ಫೆರೇರಾ, ಗೀತ್ ಸೇಠಿ, ಪಂಕಜ್ ಅಡ್ವಾಣಿ ಎಲ್ಲರೂ ನಡೆದದ್ದು ಜೋನ್ಸ್ ತುಳಿದು ಮಾಡಿದ ದಾರಿಯಲ್ಲಿ. ಫೆರೇರಾ ಅವರಂತೂ ಮೂರು ಸಲ ಗೆದ್ದರು, ಕ್ರಿಕೆಟಿಗರಿಗೆ ಸಿಗುವ ಗೌರವ ಬೇರೆ ಆಟದವರಿಗೆ ಏಕಿಲ್ಲ ಎಂದು ಪದ್ಮಶ್ರೀಯನ್ನೇ ನಿರಾಕರಿಸಿದರು. ಆ ಪ್ರಶ್ನೆ ಅಂದಿಗೂ ನ್ಯಾಯದ್ದು, ಇಂದಿಗೂ ನ್ಯಾಯದ್ದು.

ಜೋನ್ಸ್ 2003ರಲ್ಲಿ ತೀರಿಕೊಂಡರು. ಅವರ ಆಟವನ್ನು ಕಣ್ಣಾರೆ ಕಂಡವರು ನಮ್ಮ ನಡುವೆ ಇನ್ನೂ ಇದ್ದಾರೆ, ಇದನ್ನು ಓದುವವರಲ್ಲೂ ಇರಬಹುದು. ದಯವಿಟ್ಟು ಬರೆಯಿರಿ. ಎಷ್ಟು ಅಂಕ ಗಳಿಸಿದರು ಎಂಬುದು ಪುಸ್ತಕಗಳಲ್ಲಿ ಸಿಗುತ್ತದೆ. ಮೇಜಿನ ಮೇಲೆ ಎಡಗೈಯನ್ನು ಹೇಗೆ ಊರುತ್ತಿದ್ದರು, ಹೊಡೆತಕ್ಕೆ ಮುಂಚೆ ಕ್ಯೂವನ್ನು ಎಷ್ಟು ಸಲ ಆಡಿಸುತ್ತಿದ್ದರು, ಚೆಂಡು ತಪ್ಪಿದಾಗ ಮುಖ ಹೇಗಾಗುತ್ತಿತ್ತು, ಕುರ್ಚಿಯಲ್ಲಿ ಕೂತು ಕಾಯುವಾಗ ಏನು ಮಾಡುತ್ತಿದ್ದರು, ಇವುಗಳನ್ನು ಬರೆಯಿರಿ. ನಿಮ್ಮ ಮನೆಯ ಹಿರಿಯರು ನೋಡಿದ್ದರೆ ಅವರನ್ನು ಕೇಳಿ ಬರೆಯಿರಿ. ಎರಡೇ ಸಾಲಾದರೂ ಸರಿ.