ಸತ್ಯಾಂಶ: ಆಮ್‌ಸ್ಟರ್‌ಡಾಮ್ ಧ್ವಜದ ಮೂರು ‘ಎಕ್ಸ್’

ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡಾಮ್ ಧ್ವಜದ ಮೂರು ‘ಎಕ್ಸ್’ ಗುರುತುಗಳು ಬೆಂಕಿ, ಪ್ರವಾಹ, ಪ್ಲೇಗ್ ಎಂಬ ಮೂರು ವಿಪತ್ತುಗಳನ್ನು ಸೂಚಿಸುತ್ತವೆ ಎಂಬ ಸಂದೇಶ ಆಗಾಗ ಹರಿದಾಡುತ್ತದೆ. ವಯಸ್ಕರ ಮನರಂಜನೆಯ ಗುರುತು ಅನ್ನುವವರೂ ಇದ್ದಾರೆ. ಎರಡಕ್ಕೂ ಆಧಾರವಿಲ್ಲ.

ಅವು ಅಕ್ಷರಗಳೇ ಅಲ್ಲ, ಓರೆ ಶಿಲುಬೆಗಳು. ಯೇಸುವಿನ ಶಿಷ್ಯ ಸಂತ ಆಂಡ್ರ್ಯೂ ಇಂಥ ಶಿಲುಬೆಯ ಮೇಲೆ ಹುತಾತ್ಮನಾದ ಎಂಬ ನಂಬಿಕೆಯಿಂದ ಇವಕ್ಕೆ ಅವನ ಹೆಸರೇ ಬಂದಿದೆ. ನಗರದ ಲಾಂಛನದಲ್ಲಿ ಇವು ಕೆಂಪು ಗುರಾಣಿಯ ನಡುವಿನ ಕಪ್ಪು ಲಂಬಪಟ್ಟಿಯಲ್ಲಿ ಒಂದರ ಕೆಳಗೊಂದು ನಿಂತಿವೆ. ಧ್ವಜದಲ್ಲಿ ಅದೇ ಪಟ್ಟಿ ಅಡ್ಡ ಮಲಗಿದೆ: ಮೇಲೆ ಕೆಂಪು, ನಡುವೆ ಕಪ್ಪು, ಕೆಳಗೆ ಕೆಂಪು. ಧ್ವಜವನ್ನು ಲಂಬವಾಗಿ ಇಳಿಬಿಟ್ಟರೆ ಲಾಂಛನದ ವಿನ್ಯಾಸವೇ ಮರಳುತ್ತದೆ. ಶಿಲುಬೆಯನ್ನು ಕಾಲು ಸುತ್ತು ತಿರುಗಿಸಿದರೂ ಆಕಾರ ಬದಲಾಗದು.

ಪಕ್ಕದ ಆಮ್‌ಸ್ಟಲ್‌ವೇನ್ ಲಾಂಛನದಲ್ಲೂ ಇಂಥವೇ ಶಿಲುಬೆಗಳಿವೆ. ಹಾಗಾಗಿ ಒಂದು ಕಾಲದಲ್ಲಿ ಈ ಎರಡೂ ಕಡೆ ಒಡೆತನ ಹೊಂದಿದ್ದ ಪರ್ಸೈನ್ ಮನೆತನದ ಗುರಾಣಿಯಿಂದ ಇವು ಬಂದಿರಬೇಕೆಂಬ ವಾದವೇ ಹೆಚ್ಚು ಒಪ್ಪುವಂಥದ್ದು.

ಧ್ವಜ ಈಗಿನ ರೂಪದಲ್ಲಿ ಅಂಗೀಕೃತವಾದದ್ದು 1975ರಲ್ಲಿ. ‘ಶೌರ್ಯ, ದೃಢತೆ, ಕರುಣೆ’ಗೆ ಒಂದೊಂದು ಶಿಲುಬೆ ಎಂಬ ವಿವರಣೆಯೂ ಸಲ್ಲದು. ಆ ಧ್ಯೇಯವಾಕ್ಯವನ್ನು ರಾಣಿ ವಿಲ್ಹೆಲ್ಮಿನಾ ನಗರಕ್ಕೆ ಕೊಟ್ಟದ್ದು 1947ರಲ್ಲಿ, ಯುದ್ಧಕಾಲದ ಪ್ರತಿರೋಧದ ನೆನಪಿಗೆ. ಶಿಲುಬೆಗಳು ಅದಕ್ಕಿಂತ ಶತಮಾನಗಳಷ್ಟು ಹಳೆಯವು.